ಟಾರ್ಚಿನ ಜಾಗದಲ್ಲಿ ವಿಮಾನ

ನಾನು ಪಶುವೈದ್ಯ. ಸಿಂಗಟಗೆರೆಯ ಗಂಗಮ್ಮನವರ ಹಸು ಈಯಲಾರದೆ ಒದ್ದಾಡುತ್ತಿತ್ತು. ನನ್ನೆರಡು ಕೈಯೂ ಕರುವಿನ ಕಾಲು ಹಿಡಿದಿದ್ದವು. ಕೊಟ್ಟಿಗೆಯಲ್ಲಿ ಹಾಡಹಗಲೇ ಕತ್ತಲೆ, ಕರೆಂಟೂ ಇಲ್ಲ! ಹಗ್ಗ ಬಿಗಿಯುವುದು ಹೇಗೆ?

"ನನ್ನ ಫೋನ್ ತಗೊಂಡು ಸ್ಕ್ರೀನ್ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಎಳೀರಿ! ಮೊದಲನೇ ಚಿತ್ರವೇ ಟಾರ್ಚು!" ಎಂದು ಪಕ್ಕದಲ್ಲಿದ್ದ ಗಂಗಮ್ಮನವರಿಗೆ ಕೂಗಿದೆ.

"ಇಲ್ಲಿ ವಿಮಾನ ಐತಲ್ಲ ಡಾಕ್ಟ್ರೇ!"

ಹಾಳಾದ್ದು, ಹಿಂದಿನ ದಿನವಷ್ಟೇ ಫೋನ್ ಅಪ್‌ಡೇಟ್ ಆಗಿ ಎಲ್ಲದರ ಜಾಗವೂ ಬದಲಾಗಿತ್ತು. ಗಂಗಮ್ಮ ಫೋನನ್ನು ಹುಲ್ಲಿನ ಮೇಲೆಸೆದು, ಗೋದಲಿ ಹತ್ತಿ, ಮಾಡಿನ ಹೆಂಚು ಸರಿಸಿಬಿಟ್ಟರು. ಬಿಸಿಲು ಧುಮುಕಿತು. ಹಗ್ಗ ಬಿಗಿದು ಎಳೆದೆ, ಕರು ಬಂದೇಬಿಟ್ಟಿತು!

ಕೈ ತೊಳೆಯುವಾಗ ಫೋನು ಗುಂಯ್‌ಗುಟ್ಟಿತು.

"ಏನಂತೆ ಅದಕ್ಕೆ?"

"ಹೊಸ ರೂಪ ಹೇಗಿದೆ ಅಂತ ಕೇಳ್ತಿದೆ ಕಣಮ್ಮಾ."

"ಹೆಂಚು ಸರಿಸೋದೇ ಸಲೀಸು ಅಂತ ಬರೀರಿ."

ಹಾಗೇ ಬರೆದು ಕಳಿಸಿದೆ.