ವಿಭೂತಿ ಹಚ್ಚಿದ ಕಾರ್ಡು

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕೆಟ್ಟ ದಿನದಿಂದ ನಮ್ಮ ಮನೆಯಲ್ಲಿ ರೊಟ್ಟಿ ದಪ್ಪವಾಗತೊಡಗಿದವು. ಬಡಿಯುವ ಕೈ ಅದೇ, ಹಂಚೂ ಅದೇ, ಹಿಟ್ಟೂ ಅದೇ ಗಿರಣಿಯದು. ಆದರೂ ನನ್ನ ಗಂಡ ತಾಟಿನಿಂದ ರೊಟ್ಟಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, "ದಪ್ಪ ಆಗ್ಯಾವ" ಎನ್ನುತ್ತಿದ್ದರು. "ಒಂದ ಕೈಲಿಂದ ಮುರೀಲಕ್ಕ ಬರಲ್ದಿದ್ರ ರೊಟ್ಟಿಗ್ಯಾಕ ಬೈತೀರಿ?" ಎಂದು ನಾನೂ ಕೊಡುತ್ತಿದ್ದೆ. ನಾನೇನು ಸುಮ್ಮನಿರುವ ಹೆಂಗಸಲ್ಲ. ಅವರ ಎಡಗೈ ಲಕವಾ ಹೊಡೆದು ಬಿದ್ದುಹೋಗಿತ್ತು, ಅದನ್ನು ಎತ್ತಿ ಆಡಬಾರದೆಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೇ ಆಡುತ್ತಿದ್ದೆ.

ಅವರು ಬೀದರಿನಿಂದ ಬಂದು ನಾಶಿಕದ ಓಝರ್ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ಆಯುಷ್ಯವೆಲ್ಲ ವಿಮಾನದ ಹೊಟ್ಟೆಯೊಳಗೆ ಕೂತು ವೈರು ಕಟ್ಟಿದರು, ಒಂದು ಸಲವೂ ಹಾರಲಿಲ್ಲ. ರಿಟೈರ್ ಆದ ಮೇಲೆ ಕಂಪ್ಯೂಟರು ತಂದು ವಿಮಾನ ಹಾರಿಸುವ ಆಟ ಹಚ್ಚಿಕೊಂಡರು. ಲಕವಾ ಹೊಡೆದ ಮೇಲೆ ಹೊರಗೆ ಹೋಗುವುದು ನಿಂತಿತು, ಗೆಳೆಯರು ಬರುವುದೂ ನಿಂತಿತು, ಆಟವೊಂದು ಉಳಿಯಿತು. ಜಾಯ್‌ಸ್ಟಿಕ್ ಹಿಡಿಯಲು ಬಲಗೈ ಸಾಕಿತ್ತು. ದಿನಾ ನಾಶಿಕದಿಂದ ಎದ್ದು ಬೀದರಿನಲ್ಲಿ ಇಳಿಯುತ್ತಿದ್ದರು. ಪರದೆಯ ಮೇಲೆ ಬೀದರ ಕೋಟೆ ಬೆಲ್ಲದ ಹೆಂಟೆಯಷ್ಟು ಕಾಣುತ್ತಿತ್ತು. ಅದು ಕಂಡ ದಿನ ನಾನು ಏನು ಬಡಿಸಿದರೂ ಮಾತಿಲ್ಲದೆ ಉಣ್ಣುತ್ತಿದ್ದರು. ಕಾರ್ಡು ಕೆಟ್ಟು ಪರದೆ ಕರ್ರಗಾದ ಮೇಲೆ ಕೋಟೆಯೂ ಹೋಯಿತು, ನೆಮ್ಮದಿಯೂ ಹೋಯಿತು.

ಅಂಥ ಹೊತ್ತಿನಲ್ಲಿ ಸಂಭಾಜಿನಗರದಲ್ಲಿರುವ ನನ್ನ ಅಕ್ಕ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಅಕ್ಕನ ಗಂಡ ಅಲ್ಲಿ ಸ್ಟೀಲ್ ಪಾತ್ರೆಗಳ ದೊಡ್ಡ ವ್ಯಾಪಾರಿ. ಗಂಡನನ್ನು ಬಸ್ಸಿಗೆ ಹತ್ತಿಸಿ, ಇಳಿಸಿ, ಯೇವಲಾದ ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿ ಕರೆದುಕೊಂಡು ಹೋದೆ. ಅಕ್ಕ ಅದೇ ಯೇವಲಾದ ಪೈಠಣಿ ಸೀರೆ ಉಟ್ಟು, ಬಂದವರಿಗೆಲ್ಲ ಸೆರಗು ಹರವಿ ನವಿಲು ತೋರಿಸುತ್ತಿದ್ದಳು. ನನ್ನ ಸೀರೆಯನ್ನೂ ಮುಟ್ಟಿ ನೋಡಿ, "ಬಣ್ಣ ಹೋಗಿದ್ರೂ ಛಲೋ ಅದ ಬಿಡು" ಎಂದಳು. ಅಕ್ಕ ಚಿಕ್ಕಂದಿನಿಂದ ಹೀಗೆಯೇ, ಹೊಗಳಿದರೂ ಉರಿಯುತ್ತದೆ.

ಅಕ್ಕನ ಮಗನಿಗೂ ಕಂಪ್ಯೂಟರಿನ ಆಟಗಳ ಹುಚ್ಚು. ಅವನು ಹೊಸ ಕಾರ್ಡು ಹಾಕಿಸಿಕೊಂಡಿದ್ದಾನೆಂದು ಕೇಳಿದ್ದೆ. ಊಟವಾದ ಮೇಲೆ ನಾಚಿಕೆ ಬಿಟ್ಟು ಕೇಳಿದೆ: "ಅಕ್ಕಾ, ಹಳೇದು ಅದ ಏನ?"

ಅಕ್ಕ ಒಳಗಿನಿಂದ ಬೂಟಿನ ಡಬ್ಬಿಯೊಂದನ್ನು ತಂದು ಎಲ್ಲರ ನಡುವೆ ತೆರೆದಳು. ಕಾರ್ಡು ಎರಡು ಭಾಗವಾಗಿ ಬಿದ್ದಿತ್ತು. ಯಾರೋ ಬಿಚ್ಚಿ ನೋಡಿ ಹಾಗೇ ಬಿಟ್ಟಿದ್ದರು. ಪಂಖದ ತುಂಬ ಧೂಳು. ನಡುವಿನ ಚಿಪ್ಪಿನ ಮೇಲೆ, ಅದರ ಕಾವು ಇಳಿಯಲೆಂದು ಹಚ್ಚಿದ್ದ ಪೇಸ್ಟು ಒಣಗಿ ಬೆಳ್ಳಗೆ ಹುಡಿಯಾಗಿತ್ತು. ಅಕ್ಕ ಅದನ್ನು ಬೆರಳಿನಿಂದ ಕೆರೆದು ಎತ್ತಿ ತೋರಿಸಿದಳು.

"ನೋಡು, ಇದು ಸತ್ತದ. ವಿಭೂತಿನೂ ಹಚ್ಚಿ ಆಗ್ಯಾದ, ಮಣ್ಣ ಮಾಡೋದೊಂದು ಬಾಕಿ. ನಿನ್ನ ಗಂಡಗ ಇದು ಛಲೋ ಜೋಡಿ ಆಗ್ತದ, ಒಯ್ಯಿ."

ನಮ್ಮಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಕೂಡಿಸಿ, ಆಮೇಲೆ ಮಣ್ಣು ಮಾಡುತ್ತಾರೆ. ಆ ಪಡಸಾಲೆಯಲ್ಲಿ ಅದು ತಿಳಿಯದವರು ಒಬ್ಬರೂ ಇರಲಿಲ್ಲ. ಎಲ್ಲರೂ ನಕ್ಕರು. ನನ್ನ ಗಂಡ ಗೋಡೆಗೆ ಒರಗಿ ಕೂತಿದ್ದರು, ಅವರೂ ನಕ್ಕರು. ಅವರಿಗೆ ಬಾಯಿಯ ಒಂದೇ ಬದಿ ನಗಲು ಬರುತ್ತದೆ. ಮನೆಯಲ್ಲಿ ಅವರನ್ನು ಚುಚ್ಚಲು ನನಗೆ ಹಕ್ಕಿದೆ, ಅವರ ಉಚ್ಚೆಯ ಅರಿವೆ ಒಗೆಯುವವಳು ನಾನು. ಅಕ್ಕನಿಗೆ ಎಲ್ಲಿಯ ಹಕ್ಕು? ಆದರೂ ಕಾರ್ಡು ಬೇಕಿತ್ತು. ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ನಾಶಿಕಕ್ಕೆ ಬಂದ ಮೇಲೆ ರಿಪೇರಿಗೆ ಕೂತೆವು. ಪಂಚವಟಿಯ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಹೊಸ ಪೇಸ್ಟು ಕೇಳಿದಾಗ ಅಂಗಡಿಯವನು, "ಕಾಕು, ಹೇ ಕಶಾಲಾ?" ಎಂದು, ಇದು ನಿಮಗ್ಯಾಕೆ ಎಂಬಂತೆ ನಕ್ಕ. ಅವನ ತಲೆಗೆ ಹಚ್ಚಲು ಎಂದು ಹೇಳಬೇಕೆನಿಸಿತು, ರೊಕ್ಕ ಕೊಟ್ಟು ಬಂದೆ. ಮನೆಯಲ್ಲಿ ಹಳೆಯ ಪೇಪರು ಹಾಸಿ, ಬ್ರಷ್ಷಿನಿಂದ ಧೂಳು ತೆಗೆದು, ಅರಳೆಗೆ ಸ್ಪಿರಿಟ್ ಅದ್ದಿ ಚಿಪ್ಪು ಒರೆಸಿದೆ. ಕಿರುಗುಟ್ಟುತ್ತಿದ್ದ ಪಂಖಕ್ಕೆ ಹೊಲಿಗೆ ಮಶೀನಿನ ಎಣ್ಣೆ ಒಂದು ಹನಿ ಬಿಟ್ಟೆ. ಗಂಡ ಎದುರಿಗೆ ಕುರ್ಚಿಯಲ್ಲಿ ಕೂತು ಬಯ್ಯುವ ಕೆಲಸ ಮಾಡಿದರು.

"ಪೇಸ್ಟ್ ಅದ ಅದು, ಬೆಣ್ಣಿ ಅಲ್ಲ. ತೆಳ್ಳಗ ಹಚ್ಚು."

"ನನಗ ತೆಳ್ಳಗ ಎಲ್ಲಿ ಬರ್ತದ? ರೊಟ್ಟಿ ನೋಡಿರಲ್ಲ."

"ಒಂದ ಸ್ಕ್ರೂ ಪೂರಾ ಬಿಗೀಬ್ಯಾಡ. ಇದನ್ನ ಅರ್ಧ, ಅದರ ಎದುರಿಂದು ಅರ್ಧ. ಥೂ, ನಿನ್ನ ಕೈ ನೋಡು! ನನ್ನ ಎಡಗೈನೇ ಇದ್ದಿದ್ರ ಇಷ್ಟೊತ್ತಿಗೆ ಮುಗೀತಿತ್ತು."

"ಅದೇ ಇಲ್ಲಲ್ಲ. ಈಗ ನಿಮ್ಮ ಎಡಗೈ ನಾನೇ. ಬಾಯಿ ಮುಚ್ಕೊಂಡ ಕೂಡ್ರಿ."

ಬಾಯಿ ಮುಚ್ಚಲಿಲ್ಲ. ಆದರೂ ಕಾರ್ಡು ಜೋಡಣೆಯಾಗಿ ಕಂಪ್ಯೂಟರಿನೊಳಗೆ ಕೂತಿತು. ಬಟನ್ ಒತ್ತಿದಾಗ ಪಂಖ ಸದ್ದಿಲ್ಲದೆ ತಿರುಗಿತು, ಪರದೆ ಬೆಳಗಿತು. ಅವರು ಜಾಯ್‌ಸ್ಟಿಕ್ ಹಿಡಿದು ಓಝರಿನಿಂದ ಎದ್ದರು. ಅರ್ಧ ದಾರಿಯಲ್ಲಿ ಕೆಳಗೆ ಊರೊಂದು ಕಂಡಿತು. "ಅಕ್ಕಾರ ಮನಿ ಬಂತು" ಎಂದರು. ನಾನು, "ಬಾಂಬ್ ಇಲ್ಲೇನ್ರಿ ಇದ್ರಾಗ?" ಎಂದು ಕೇಳಿದೆ. ಇಬ್ಬರೂ ನಕ್ಕೆವು. ಕೋಟೆ ಕಂಡಿತು, ಬೀದರಿನಲ್ಲಿ ಇಳಿದರು. ಅವರ ಕಣ್ಣಲ್ಲಿ ನೀರಿತ್ತು, ಕಾಣದವಳಂತೆ ಒಳಗೆ ಹೋದೆ. ಊಟದಲ್ಲಿ ರೊಟ್ಟಿಯ ಮಾತು ಬರಲಿಲ್ಲ. ನನಗೂ ಅಂದು ಹೊಟ್ಟೆ ತುಂಬ ಸಂತೋಷವಾಗಿತ್ತು.

ಆ ಸಂತೋಷದಲ್ಲಿ ಅವರು ವಿಮಾನ ಇಳಿಸುವ ವಿಡಿಯೋ ಮಾಡಿ ಅಕ್ಕನಿಗೆ ಕಳಿಸಿದೆ. ಉರಿಯಲಿ ಎಂದೇ ಕಳಿಸಿದೆ. ಉರಿಯಿತು. ಮರುದಿನವೇ ಫೋನು ಬಂತು.

"ಕಾರ್ಡ್ ಚಾಲೂ ಆಯ್ತಂತಲ್ಲ. ಹುಡುಗ ಬೇಕಂತಾನ. ಮಾರಿದ್ರ ಛಲೋ ರೇಟ್ ಬರ್ತದಂತ."

"ಅಕ್ಕಾ, ಸತ್ತದ ಅಂತ ನೀನೇ ಕೊಟ್ಟೀದಿ."

"ನೋಡ್ಲಕ್ಕ ಕೊಟ್ಟಿದ್ದೆ, ಇಟ್ಕೊಳ್ಲಕ್ಕ ಅಲ್ಲ. ಸೋಮವಾರ ಪಂಚವಟಿಗೆ ದರ್ಶನಕ್ಕ ಬರ್ತೀನಿ. ಹ್ಯಾಂಗ ಒಯ್ದಿದ್ದಿ ಹಂಗೇ ಡಬ್ಬಿಯೊಳಗ ಹಾಕಿ ಇಡು."

ಕೊಡುವುದಿಲ್ಲ ಎಂದು ನಾನು ಕುಣಿದಾಡಿದೆ. ಅಕ್ಕನಿಗೆ ಏನೇನು ಅನ್ನಬೇಕೋ ಅದನ್ನೆಲ್ಲ ಗಂಡನ ಮುಂದೆ ಅಂದೆ. ಅವರು ಆಟ ನಿಲ್ಲಿಸಲಿಲ್ಲ. ವಿಮಾನ ಇಳಿಸಿ, ಇಂಜಿನ್ ಬಂದ್ ಮಾಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಅವರ ವಸ್ತು ಅವರಿಗಿ ಕೊಡು. ಆದ್ರ ಹ್ಯಾಂಗ ಒಯ್ದಿದ್ದಿ ಹಂಗೇ ಕೊಡು ಅಂದಾರಲ್ಲ?"

"ಹೂಂ."

"ಹಂಗೇ ಕೊಡು ಮತ್ತ."

ಎದ್ದು ಗೋಡೆ ಹಿಡಿಯುತ್ತ ದೇವರ ಕೋಣೆಗೆ ಹೋದರು. ತಾವು ದಿನಾ ಹಣೆಗೆ ಹಚ್ಚಿಕೊಳ್ಳುವ ವಿಭೂತಿ ಗಟ್ಟಿ ತಂದು ನನ್ನ ಅಂಗೈಯಲ್ಲಿಟ್ಟರು.

ಕಾರ್ಡನ್ನು ಕಂಪ್ಯೂಟರಿನಿಂದ ಹೊರಗೆ ತೆಗೆದು ಸ್ಕ್ರೂ ಬಿಚ್ಚಿದೆ. ಹೊಸ ಪೇಸ್ಟನ್ನು ಸ್ಪಿರಿಟ್ಟಿನಿಂದ ಒರೆಸಿ ತೆಗೆದೆ. ವಿಭೂತಿಯನ್ನು ತೇಯ್ದು ಚಿಪ್ಪಿನ ಮೇಲೆ ಹಚ್ಚಿ ಒಣಗಲು ಬಿಟ್ಟೆ. ಬೆಳ್ಳಗೆ ಹುಡಿಯಾಗಿ ಕೂತಿತು, ಮೊದಲಿನದಕ್ಕೂ ಇದಕ್ಕೂ ಫರಕು ಕಾಣುತ್ತಿರಲಿಲ್ಲ. ಮಂಚದ ಕೆಳಗಿನ ಧೂಳು ಗುಡಿಸಿ ತಂದು ಪಂಖಕ್ಕೆ ಉದುರಿಸಿದೆ. ಗಂಡ ಕುರ್ಚಿಯಲ್ಲಿ ಕೂತು ಕಾರ್ಖಾನೆಯ ಇನ್‌ಸ್ಪೆಕ್ಟರನಂತೆ ನೋಡುತ್ತಿದ್ದರು. "ಈ ಬಾಜೂ ಇನ್ನೊಂದೀಟು ಹಾಕು" ಎಂದರು. ಅವರು ಬಯ್ಯದೆ ಕೆಲಸ ಮಾಡಿಸಿದ್ದು ಅದೊಂದೇ ಸಲ.

ಸೋಮವಾರ ಅಕ್ಕ ಬಂದಳು. ಚುರುಮುರಿಯ ಸುಸಲಾ ತಿಂದಳು, ಉಪ್ಪು ಹೆಚ್ಚಾಗಿದೆ ಎಂದಳು, ಡಬ್ಬಿ ತೆರೆದು ನೋಡಿ ಎರಡೂ ಭಾಗ ಇವೆಯೆಂದು ಖಾತ್ರಿ ಮಾಡಿಕೊಂಡಳು. ಧೂಳಿನ ಬಗ್ಗೆ ಏನೂ ಅನ್ನಲಿಲ್ಲ. ಹೊಸದಿದ್ದಾಗಲೂ ನೋಡದವಳು ಈಗೇನು ನೋಡಿಯಾಳು?

ನಾಲ್ಕಾರು ದಿನಗಳ ಮೇಲೆ ಫೋನು ಮಾಡಿದಳು. ನಾನು ಸ್ಪೀಕರ್ ಹಾಕಿದೆ.

"ಏನ ಮಾಡಿ ಕೊಟ್ಟೀದಿ? ಹುಡುಗ ಹಂಗೇ ಜೋಡಿಸಿ ಹಾಕ್ದ. ಚಾಲೂ ಆಗ್ತದ, ಬಿಸಿ ಆಗ್ತದ, ಬಂದ್ ಆಗ್ತದ. ಕೊಳ್ಳಲಕ್ಕ ಬಂದವರ ಮುಂದ ಮರ್ಯಾದಿ ಹೋಯ್ತು. ಒಳಗ ಏನ ಹಚ್ಚೀದಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ಬಲಗೈ ಚಾಚಿ ಫೋನು ಇಸಿದುಕೊಂಡರು. ಗೃಹಪ್ರವೇಶದ ದಿನದಿಂದ ಅಕ್ಕನೊಡನೆ ಅವರು ಒಂದು ಮಾತೂ ಆಡಿರಲಿಲ್ಲ. ನಾಲಿಗೆ ತೊದಲದಂತೆ, ಒಂದೊಂದೇ ಶಬ್ದವನ್ನು ಜೋಡಿಸಿ ಹೇಳಿದರು.

"ನೀವು ಹೇಳಿದ್ದೇ ಹಚ್ಚೀವ್ರಿ ಅಕ್ಕಾರ. ವಿಭೂತಿ. ಮಣ್ಣ ಮಾಡೋದೊಂದು ಬಾಕಿ ಅದ, ಅದು ನೀವೇ ಮಾಡ್ರಿ."

ಅತ್ತ ಕಡೆಯಿಂದ ಫೋನು ಕಟ್ಟಾಯಿತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರ ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿಯಿತು, ಸೆರಗಿನಿಂದ ಒರೆಸಿದೆ, ಮತ್ತೆ ನಕ್ಕೆವು. ನಗು ಮುಗಿದ ಮೇಲೆ ಅವರು ಎದ್ದು ರೂಢಿಯಂತೆ ಕಂಪ್ಯೂಟರಿನ ಮುಂದೆ ಹೋಗಿ ಕೂತರು. ಬಟನ್ ಒತ್ತಿದರು. ಪರದೆ ಕರ್ರಗೇ ಇತ್ತು. ಜಾಯ್‌ಸ್ಟಿಕ್ ಹಿಡಿದುಕೊಂಡು ಬಹಳ ಹೊತ್ತು ಹಾಗೆಯೇ ಕೂತಿದ್ದರು.

ಊಟಕ್ಕೆ ಕರೆದೆ. ಬಂದು ಕೂತು, ತಾಟಿನಿಂದ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ದಪ್ಪ ಆಗ್ಯಾವ" ಎಂದರು.