ಹುಟ್ಟಿದ್ದು, ಉಳಿದಿದ್ದು

ಒದ್ದೆ ಕೆಮ್ಮಣ್ಣಿನ ವಾಸನೆ ಬಂದರೆ ನನಗೆ ಶಹಾಬಾದದ ನಮ್ಮ ಮನೆಯ ತಲೆಬಾಗಿಲು ನೆನಪಾಗುತ್ತದೆ. ಮೊನ್ನೆ ಕಲಬುರಗಿಯಲ್ಲಿ, ನಾವೀಗ ಇರುವ ಅಪಾರ್ಟ್‌ಮೆಂಟಿನಲ್ಲಿ, ಎದುರು ಮನೆಯಾಕೆ ತುಳಸಿ ಕುಂಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದಳು. ಹಾಲು ತರಲೆಂದು ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟೆ. ಆ ವಾಸನೆ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಯಿತು. ಹಿಂದೆ ನಮ್ಮ ಊರಲ್ಲಿ ಜನಗಣತಿಗೆ ಬಂದವರು ಮನೆಯ ಚೌಕಟ್ಟಿನ ಮೇಲೆ ಕೆಮ್ಮಣ್ಣಿನಿಂದ ಅಂಕಿ ಬರೆದು ಹೋಗುತ್ತಿದ್ದರು. ಹಿರಿಯರು ಅದಕ್ಕೆ ಖಾನೇಸುಮಾರಿ ಅನ್ನುತ್ತಿದ್ದರು. ಅಂಕಿ ಒಣಗುವವರೆಗೆ ನಾವು ಮಕ್ಕಳು ಬಾಗಿಲಲ್ಲೇ ಗುಂಪಾಗಿ ನಿಂತಿರುತ್ತಿದ್ದೆವು. ಮುಟ್ಟಬಾರದೆಂದು ಹೇಳಿದ್ದರೂ ಯಾರಾದರೊಬ್ಬರು ಬೆರಳಿಟ್ಟು ಮೂಸಿ ನೋಡುವವರೇ.

ಆ ಮನೆ ಅಡಿಯಿಂದ ಮುಡಿಯವರೆಗೆ ಕಲ್ಲಿನದು. ನೆಲಕ್ಕೆ ಫರಸಿಕಲ್ಲು, ಗೋಡೆಗೆ ಕಲ್ಲು, ಮಾಳಿಗೆಗೂ ಹಾಸುಗಲ್ಲು. ಓಣಿಯಾಚೆ ಕಲ್ಲು ಕೊಯ್ಯುವ ಯಂತ್ರಗಳು ಇಡೀ ದಿನ ಗುಂಯ್‌ಗುಡುತ್ತಿದ್ದವು. ನುಣುಪು ಮಾಡಿದ ಕಲ್ಲಿನ ಬೂದು ನೀರು ಚರಂಡಿಯಲ್ಲಿ ಹಾಲಿನ ಹಾಗೆ ಹರಿಯುತ್ತಿತ್ತು. ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಇದ್ದಳು. ಅಪ್ಪ, ಅವ್ವ, ನಾವು ನಾಲ್ವರು ಮಕ್ಕಳು, ಕಾಕಾ, ಹೊಸದಾಗಿ ಬಂದ ಕಾಕಿ, ಮತ್ತು ಅಪ್ಪನ ತಂಗಿ ಕಾಶಮ್ಮತ್ತಿ. ಇಷ್ಟು ಜನ ಖಾಯಂ. ಇವರಲ್ಲದೆ ಸಾಲಿ ಕಲಿಯಲು ಕಾಳಗಿಯಿಂದ ಬಂದವರು, ವಾಡಿಯಲ್ಲಿ ರೈಲು ತಪ್ಪಿಸಿಕೊಂಡು ಬಂದವರು, ದವಾಖಾನೆಗೆಂದು ಬಂದು ವಾಸಿಯಾದ ಮೇಲೂ ಉಳಿದವರು ಸದಾ ಯಾರಾದರೂ ಇರುತ್ತಿದ್ದರು. ಒಂದು ಕೋಣೆಯ ಮಾತು ಇನ್ನೊಂದು ಕೋಣೆಯ ನಗುವಿನಲ್ಲಿ ಬೆರೆಯುತ್ತಿತ್ತು. ಎಲ್ಲದರ ಕೆಳಗೆ, ತೊರೆಯ ಹಾಗೆ ನಿಲ್ಲದೆ, ಕಾಶಮ್ಮತ್ತಿ ಜೋಳದ ರೊಟ್ಟಿ ತಟ್ಟುವ ಸಪ್ಪಳ. ಆ ಸಪ್ಪಳ ನಿಂತರೆ ಮನೆಗೆ ಏನೋ ಆಗಿದೆ ಎಂದು ನಮಗೆ ತಿಳಿಯುತ್ತಿತ್ತು.

ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ. ಅವ್ವ ಹೆತ್ತು ಮಲಗಿದಾಗ ಕೂಸಿಗೆ ಎಣ್ಣೆ ಹಚ್ಚಿ ಎರೆದವಳು, ಕಾಲ ಮೇಲೆ ಮಲಗಿಸಿ ಹೊಗೆ ಹಾಕಿದವಳು, ಕಿವಿಗೆ ಗಾಳಿ ತಾಕದಂತೆ ಕುಂಚಿಗೆ ಕಟ್ಟಿದವಳು ಅವಳು. ಆದರೆ ತೊಟ್ಟಿಲಿಗೆ ಹಾಕುವ ದಿನ ಮಾತ್ರ ಅವಳು ಒಲೆಯ ಮುಂದಿಂದ ಏಳುತ್ತಿರಲಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನಮ್ಮ ಮನೆಯಲ್ಲಿ ಸೋದರತ್ತೆ ಒಳಗಿದ್ದರೂ ನಾಲವಾರದಿಂದ ಅಪ್ಪನ ದೊಡ್ಡಪ್ಪನ ಮಗಳು ರೈಲಿನಲ್ಲಿ ಬಂದು, ಹೆಸರು ಹೇಳಿ, ಸೀರೆ ಉಡಿಸಿಕೊಂಡು ಹೋಗುತ್ತಿದ್ದಳು. ನನ್ನ ಹೆಸರನ್ನೂ ನನ್ನ ಕಿವಿಯಲ್ಲಿ ಮೊದಲು ಹೇಳಿದವಳು ಆಕೆಯೇ. ಕಾಶಮ್ಮತ್ತಿಗೆ ಮಕ್ಕಳಾಗಲಿಲ್ಲ, ಅದಕ್ಕೇ ಅವಳ ಗಂಡ ಇನ್ನೊಂದು ಮದುವೆಯಾದ, ಅವಳು ಚಿಂಚೋಳಿ ಕಡೆಯ ಆ ಊರು ಬಿಟ್ಟು ತವರಿಗೆ ಬಂದಳು. ನಮಗೆ ಗೊತ್ತಿದ್ದದ್ದು ಇಷ್ಟೇ. ಮನೆಯ ಕಂಬ ಯಾಕೆ ಅಲ್ಲಿದೆ ಎಂದು ಮಕ್ಕಳು ಕೇಳುವುದಿಲ್ಲವಲ್ಲ, ಹಾಗೆ ಅದನ್ನೂ ನಾವು ಕೇಳಲಿಲ್ಲ.

ನಾನು ಸಣ್ಣವಳಿದ್ದಾಗ ಒಂದು ವರ್ಷ ಗಣತಿಗೆ ಬಂದವರು ನಮ್ಮ ಸಾಲಿಯ ಜುಬೇದಾ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅಂತಲೇ ಅನ್ನುವುದು. ತರಗತಿಯಲ್ಲಿ ಅವರು ಹೇಳಿದ್ದ ಮಾತು ನನ್ನ ತಲೆಯಲ್ಲಿ ಕನಸಿನ ಹಾಗೆ ಸುತ್ತುತ್ತಿತ್ತು: ಈ ದೇಶದಲ್ಲಿರುವ ಪ್ರತಿಯೊಬ್ಬರನ್ನೂ ಎಣಿಸುತ್ತಾರೆ, ಒಬ್ಬರನ್ನೂ ಬಿಡುವುದಿಲ್ಲ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಗಂಟು ತಲೆಗಿಟ್ಟು ಮಲಗುವವರನ್ನೂ, ಕಲ್ಲಿನ ಖಣಿಯ ದಂಡೆಯಲ್ಲಿ ಗುಡಿಸಲು ಹಾಕಿದವರನ್ನೂ ಎಣಿಸುತ್ತಾರೆ. ನನಗೆ ಇಡೀ ದೇಶ ಒಂದು ದೊಡ್ಡ ಕಲ್ಲಿನ ಮನೆಯಾಗಿ ಕಾಣತೊಡಗಿತು. ಸೇಡಂ ಆಚೆಯ ತೊಗರಿ ಹೊಲಗಳ ಕಡೆ ಅದರ ಖಾಲಿ ಕೋಣೆಗಳು, ಎರಡು ದನಿ ಮಾತ್ರ ಕೇಳುವಂಥವು. ವಾಡಿ ಜಂಕ್ಷನ್ನಿನ ಕಡೆ ಕಾಲಿಡಲು ಜಾಗವಿಲ್ಲದ ಪಡಸಾಲೆ. ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದಾರೆ, ಸಾಲು ಕಣ್ಣಿಗೆ ಕಾಣದಷ್ಟು ದೂರ ಹೋಗಿದೆ. ಯಾರೋ ಒಬ್ಬಳು ನಿಲ್ಲದೆ ರೊಟ್ಟಿ ತಟ್ಟುತ್ತಿದ್ದಾಳೆ.

ಅಕ್ಕೋರು ಬಂದದ್ದು ಬಿಸಿಲಿನ ಹೊತ್ತಿನಲ್ಲಿ. ಗಂಡಸರು ಕೆಲಸಕ್ಕೆ ಹೋಗಿದ್ದರು. ಅವ್ವ ಚಾಪೆ ಹಾಸಿದಳು, ನಾನು ನೀರು ತಂದುಕೊಟ್ಟೆ. ಕಾಕಿ ತುಂಬಿದ ಬಸುರಿ, ಗೋಡೆಗೆ ಒರಗಿ ಕೂತಿದ್ದಳು. ಹೆಸರು, ವಯಸ್ಸು, ಓದು ಬರಹ ಎಲ್ಲ ಮುಗಿಯಿತು. ಆಮೇಲೆ ಅಕ್ಕೋರು ದನಿ ತಗ್ಗಿಸಿ ಆಯಿಗೆ ಕೇಳಿದರು: “ಆಯಿ, ನಿಮಗ ಹುಟ್ಟಿದ ಮಕ್ಕಳು ಎಷ್ಟ್ರಿ? ಈಗ ಇದ್ದವರು ಎಷ್ಟು ಮಂದಿ?”

“ಹತ್ತು ಹಡದೀನಿ. ಐದು ಅದಾವ,” ಅಂದಳು ಆಯಿ, ಕಾಳು ಹಸನು ಮಾಡುವ ಕೈ ನಿಲ್ಲಿಸದೆ.

ನಾನು ಬೆರಗಾದೆ. ಅಪ್ಪ, ಕಾಕಾ, ಅತ್ತಿ, ದೂರದ ಊರುಗಳಲ್ಲಿದ್ದ ಇನ್ನಿಬ್ಬರು ಕಾಕಂದಿರು, ಇವರನ್ನು ಬಲ್ಲೆ; ಉಳಿದ ಐದು ಯಾರು? ಆಯಿ ತಾನಾಗಿಯೇ ಹೇಳತೊಡಗಿದಳು. ಚೊಚ್ಚಲು ಮಗ, ನಡೆಯಲು ಕಲಿತ ಮೇಲೆ ಜ್ವರದಲ್ಲಿ ಹೋದ. ಅವಳಿ ಹೆಣ್ಣುಗಳು, ಒಂದರ ಹಿಂದೆ ಒಂದು. ಒಬ್ಬನಿಗೆ ಹಾಡೆಂದರೆ ಪ್ರಾಣವಾಗಿತ್ತು, ರೈಲಿನ ಸಿಳ್ಳೆಗೂ ತಲೆ ಕುಣಿಸುತ್ತಿದ್ದ. ಮತ್ತೊಂದು ಸಿಡುಬಿನಲ್ಲಿ. ಆಯಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಹೊರಗಿನ ಯಂತ್ರದ ಸದ್ದಿನಲ್ಲಿ ಆ ಹೆಸರುಗಳು ತೇಲಿ ಬರುತ್ತಿದ್ದವು. ನನಗಿಂತ ಸಣ್ಣವರಾಗಿಯೇ ಉಳಿದ ದೊಡ್ಡಪ್ಪಂದಿರು, ಅತ್ತೆಯರು ಒಬ್ಬೊಬ್ಬರಾಗಿ ಬಾಗಿಲು ದಾಟಿ ಒಳಬಂದು ಫರಸಿಯ ಮೇಲೆ ಕೂತಂತೆ ನನಗೆ ಅನ್ನಿಸಿತು.

ಅವ್ವನ ಸರದಿ ಮುಗಿಯಿತು. ಅಕ್ಕೋರು ಅಡಿಗೆಮನೆಯ ಕಡೆ ತಿರುಗಿದರು. “ಕಾಶಮ್ಮನೋರ, ನಿಮಗ?”

“ಆಕಿಗಿ ಇಲ್ಲ. ಮುಂದಿಂದು ಬರಕೋರಿ,” ಎಂದಳು ಆಯಿ.

ರೊಟ್ಟಿಯ ಸಪ್ಪಳ ನಿಂತಿತು. ಕಾಶಮ್ಮತ್ತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ, ಅವತ್ತೂ ಜೋರಾಗಿ ಮಾತಾಡಲಿಲ್ಲ.

“ಒಂದು ಹುಟ್ಟಿತ್ರಿ,” ಅಂದಳು. “ಈಗಿಲ್ಲ.”

ಅಕ್ಕೋರ ಪೆನ್ನು ನಿಂತಿತು. ಆಯಿಯ ಕೈಯೂ ಮೊರದಲ್ಲಿ ನಿಂತಿತು. “ಹುಟ್ಟಿದಾಗ ಜೀವ ಇತ್ತೇನ್ರಿ?” ಎಂದು ಅಕ್ಕೋರು ಮೆಲ್ಲಗೆ ಕೇಳಿದರು.

“ಇತ್ತು. ಅಳ್ತಿತ್ತು, ನನ್ನ ಹಾಲು ಕುಡದಿತ್ತು. ಹೆಸರಿಡೋಕಿಂತ ಮೊದಲೇ ಹೋಯ್ತು. ಹೆಸರಿಲ್ಲದ್ದು ಲೆಕ್ಕಕ್ಕಿಲ್ಲ ಅಂದ್ರು ಅತ್ತಿಮನ್ಯಾಗ.”

“ಇಲ್ಲವ್ವ, ಹಂಗಿಲ್ಲ,” ಎಂದರು ಅಕ್ಕೋರು. “ಹೆಸರು ಇರ್ಲಿ ಬಿಡ್ಲಿ, ಹುಟ್ಟ್ಯಾದ ಅಂದ್ರ ಹುಟ್ಟ್ಯಾದ. ಗಂಡೋ ಹೆಣ್ಣೋ?”

“ಗಂಡು.”

ಅವರು ಬರೆದುಕೊಂಡರು. ಅಕ್ಕೋರು ಅತ್ತಿಯ ಹಿಟ್ಟಿನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಒಂದು ಗಳಿಗೆ ಹಿಡಿದು, ಮುಂದಿನ ಮನೆಗೆ ನಡೆದರು.

ಅವರು ಹೋದ ಮೇಲೆ ಆಯಿ ಮೊರ ಪಕ್ಕಕ್ಕಿಟ್ಟಳು. “ಬಂಜಿ ಅಂದ್ರ ಒಂದು ಮಾತು, ಮಗೀನ ತಿಂದಾಕಿ ಅಂದ್ರ ಮತ್ತೊಂದು. ನಿನ್ನ ಅತ್ತಿಮನಿಯವರು ಊರ ತುಂಬ ಆ ಎರಡನೇದನ್ನೇ ಅನ್ಲಿಕತ್ತಿದ್ರು. ನಿನ್ನ ಕರಕೊಂಡು ಬಂದ ದಿನ ನಾ ಹಗುರ ಮಾತು ಆರಿಸಿಕೊಂಡೆ, ಕಾಶಿ. ಯಾರಿಗೂ ಹೇಳಬ್ಯಾಡ್ರಿ ಅಂತ ಮನಿಗೆಲ್ಲ ಹೇಳ್ದೆ. ನಿನಗ ಭಾರ ಆಗಬಾರ್ದು ಅಂತ.”

“ನಿನಗ ಐದು ಹೋದ್ವು ಅವ್ವ. ನಿನಗ ಯಾರೂ ಹಂಗ ಅನ್ಲಿಲ್ಲ,” ಅಂದಳು ಅತ್ತಿ.

“ನನಗ ಐದು ಉಳದಿದ್ವು,” ಅಂದಳು ಆಯಿ.

ಅತ್ತಿ ಒಲೆಯ ಮುಂದೆ ಹೋಗಿ ಕೂತಳು. ಅವಳ ಬೆನ್ನು ನಮ್ಮ ಕಡೆಗಿತ್ತು. ರೊಟ್ಟಿ ತಟ್ಟುವುದು ಮತ್ತೆ ಶುರುವಾಯಿತು, ಆದರೆ ನಡುನಡುವೆ ನಿಲ್ಲುತ್ತಿತ್ತು. ಅವತ್ತು ಸಂಜೆ ಅಪ್ಪ ಊಟಕ್ಕೆ ಕೂತಾಗ ಆಯಿ ನಡೆದದ್ದನ್ನು ಹೇಳಿದಳು. ಅತ್ತಿ ರೊಟ್ಟಿ ಬಡಿಸಲು ಬಗ್ಗಿದಾಗ ಅಪ್ಪ ತಲೆ ಎತ್ತದೆ ಅಂದ: “ಬಾಣಂತಿ ನೋಡ್ಲಿಕ್ಕಂತ ನಿಮ್ಮೂರಿಗಿ ಬಂದಾಗ ನಾ ಅದಕ್ಕ ಎತಗೊಂಡಿದ್ದೆ, ಕಾಶಿ. ಮೂಗು ನಿನ್ನದೇ ಇತ್ತು.”

ಅತ್ತಿ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಅಣ್ಣನ ಎದುರಿಗೆ ಕೂತಳು. “ಕೂದಲಾ?” ಎಂದು ಕೇಳಿದಳು. “ನನಗ ಕೂದಲು ನೆನಪಾಗವಲ್ಲದು.” ಭಾಳ ಇದ್ದವು, ಹಣೆಯ ಮೇಲೂ ಬಂದಿದ್ದವು ಎಂದು ಅಪ್ಪ ಹೇಳಿದ. ಆ ಹೊತ್ತಿನಲ್ಲಿ ಅವಳ ಮುಖದ ಮೇಲೆ ಮೂಡಿದ ಬೆಳಕನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಇಷ್ಟು ವರ್ಷ ತಾನೊಬ್ಬಳೇ ಹೊತ್ತು ತಿರುಗಿದ ಕೂಸನ್ನು ಇನ್ನೊಬ್ಬರ ಕೈಗೆ ಕೊಟ್ಟು, ತೋಳು ಸಡಿಲ ಬಿಟ್ಟವಳಂತೆ ಇದ್ದಳು.

ಬೇಸಿಗೆಯಲ್ಲಿ ಕಾಕಿ ಹೆಣ್ಣು ಹಡೆದಳು. ತೊಟ್ಟಿಲ ದಿನ ಕಾಳಗಿಯಿಂದ ಕಾಕಿಯ ತವರಿನವರು ಬಂದರು. ಪಡಸಾಲೆ ತುಂಬ ಹೆಂಗಸರು, ಬೇವಿನೆಲೆ, ಬೆಲ್ಲ, ಹೊಸ ಬಟ್ಟೆಯ ಗಂಜಿಯ ವಾಸನೆ. ನಾಲವಾರದ ಅತ್ತೆ ಯಾಕೆ ಇನ್ನೂ ಬಂದಿಲ್ಲವೆಂದು ಯಾರೋ ಕೇಳಿದರು. “ನಾ ಆಕಿಗಿ ಕರೆದಿಲ್ಲ,” ಅಂದಳು ಆಯಿ. “ಮನ್ಯಾಗ ಸೋದರತ್ತಿ ಇದ್ದಾಳ.” ಆಮೇಲೆ ಅಡಿಗೆಮನೆಗೆ ಹೋಗಿ ಕಾಶಮ್ಮತ್ತಿಯ ಮೊಣಕೈ ಹಿಡಿದು ಹೊರಗೆ ಕರೆತಂದಳು.

ಕಾಕಿಯ ತಾಯಿಯ ಮುಖ ಕಪ್ಪಿಟ್ಟಿತು. “ಬೀಗತಿ, ನೀವು ತಿಳದೋರು. ಮಕ್ಕಳಾಗಲಾರದಾಕಿ ಕೈಲೇ ಹೆಸರು ಹೇಳಸ್ತೀರೇನ್ರಿ?”

“ಆಕಿ ಹಡದಾಳ್ರಿ,” ಅಂದಳು ಆಯಿ, ಎಲ್ಲರಿಗೂ ಕೇಳುವಂತೆ. “ಗಂಡುಮಗ. ನಾನೇ ಮುಚ್ಚಿಟ್ಟಿದ್ದೆ. ಇನ್ನ ಮುಚ್ಚಿಡಂಗಿಲ್ಲ.”

ಆ ಮಾತಿನಿಂದ ಹೆಂಗಸರ ಅಂಜಿಕೆ ಕಡಿಮೆಯೇನೂ ಆಗಲಿಲ್ಲ, ಇನ್ನೂ ಹೆಚ್ಚಾಯಿತು. ಕೂಸು ಹೋದವಳ ಕೈ ಎಂದು ಮೂಲೆಯಲ್ಲಿ ಯಾರೋ ಪಿಸುಗುಟ್ಟಿದರು. ಅತ್ತಿ ಅದನ್ನು ಕೇಳಿಸಿಕೊಂಡಳು. ಹಿಂದೆ ಸರಿಯಲು ಹೆಜ್ಜೆಯನ್ನೂ ತೆಗೆದಿದ್ದಳು. ಆಗ ಅಲ್ಲಿಯವರೆಗೂ ತಲೆ ತಗ್ಗಿಸಿ ಕೂತಿದ್ದ ಕಾಕಿ ಎದ್ದಳು. ಇಪ್ಪತ್ತು ತುಂಬಿರದ ಹುಡುಗಿ, ತಾಯಿಯ ಮಾತಿಗೆ ಎದುರಾಡಿದವಳಲ್ಲ. ತಾಯಿಯ ಮಡಿಲಿಂದ ಕೂಸನ್ನು ತೆಗೆದುಕೊಂಡು ನೇರ ಹೋಗಿ ಅತ್ತಿಯ ತೋಳಿನಲ್ಲಿ ಇಟ್ಟಳು. “ಹುಟ್ಟಿದಾಗಿಂದ ಎರದೋರು ಇವರೇ, ಯವ್ವ,” ಅಂದಳು. “ಅವಾಗ ಇಲ್ಲದ ಅಂಜಿಕಿ ಇವತ್ತ್ಯಾಕ?”

ಅತ್ತಿ ಕೂಸಿನ ಕಿವಿಗೆ ಬಾಯಿಟ್ಟಳು. “ಗಿರಿಜಾ,” ಅಂದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದು ಕೊಡುವುದು ನಮ್ಮ ಕಡೆಯ ಗಮ್ಮತ್ತು. ಮೊದಲ ಗುದ್ದು ಕೊಡಲು ಯಾರೂ ಮುಂದೆ ಬರಲಿಲ್ಲ. ಅವ್ವ ಹೋಗಿ ಮೆಲ್ಲಗೆ ಗುದ್ದಿದಳು. ಆಮೇಲೆ ಪಕ್ಕದ ಮನೆಯಾಕೆ, ಆಮೇಲೆ ಇನ್ನಿಬ್ಬರು, ಆಮೇಲೆ ಗಾಜಿನ ಬಳೆಗಳ ಸದ್ದೇ ಸದ್ದು. ಕಾಶಮ್ಮತ್ತಿ ಕೂಸನ್ನು ಎದೆಗವಚಿಕೊಂಡು, ಬಗ್ಗಿದ ಬೆನ್ನಿನ ಮೇಲೆ ಅಷ್ಟೂ ಗುದ್ದು ತಿನ್ನುತ್ತ, ನಗುತ್ತ ಅಳುತ್ತಿದ್ದಳು. ಕಾಳಗಿಯ ಬೀಗತಿ ಮಾತ್ರ ಅವತ್ತು ಊಟ ಮಾಡದೆ ಬಸ್ಸು ಹತ್ತಿದಳು. ಗಿರಿಜಾ ಅಂಬೆಗಾಲಿಡುವಾಗ ಮತ್ತೆ ಬಂದು, ಅತ್ತಿಯ ಪಕ್ಕದಲ್ಲಿ ಕೂತು ರೊಟ್ಟಿ ತಿಂದಳು.

ಆ ಬಳಿಕ ನಮ್ಮ ಮನೆಯ, ಓಣಿಯ ಎಷ್ಟೋ ಕೂಸುಗಳ ಕಿವಿಯಲ್ಲಿ ಮೊದಲ ಹೆಸರು ಅತ್ತಿಯದೇ ದನಿಯಲ್ಲಿ ಬಿತ್ತು. ನನ್ನ ಇಬ್ಬರು ಮಕ್ಕಳಿಗೂ ಅವಳೇ ಹೇಳಿದಳು. ವರ್ಷ ಕಳೆದಂತೆ ಕರೆಗಳು ಕಡಿಮೆಯಾದವು. ಹೆರಿಗೆಗಳು ಕಡಿಮೆಯಾದವು, ಹುಟ್ಟಿದವು ಹೆಚ್ಚುಕಡಿಮೆ ಎಲ್ಲ ಉಳಿದವು. ಅದನ್ನು ಕಂಡು ಅತ್ತಿ ಹಿಗ್ಗುತ್ತಿದ್ದಳು. “ಒಂದೇ ಇರ್ಲಿ, ಎದ್ದು ಓಡಾಡ್ಲಿ,” ಅನ್ನುತ್ತಿದ್ದಳು. ಅವಳು ತೀರಿಕೊಂಡಾಗ ಸೇಡಂನಿಂದ ಗಿರಿಜಾ ಮೊದಲಿಗಳಾಗಿ ಬಂದು, ಮಣ್ಣಾಗುವವರೆಗೂ ಅವಳ ಪಕ್ಕದಿಂದ ಏಳಲಿಲ್ಲ. ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದ ಅತ್ತಿ ಯಾರದೋ ಮಾತಿಗೆ ಕಿವಿಗೊಟ್ಟವಳಂತೆ ಕಾಣುತ್ತಿದ್ದಳು. ಆಯಿ ಅದಕ್ಕೂ ಮೊದಲೇ ಹೋಗಿದ್ದಳು. ಆಮೇಲೆ ಅಪ್ಪ, ಅವ್ವ, ಕಾಕಾ. ಮನೆ ಪಾಲಾಯಿತು, ಮಾರಿಹೋಯಿತು, ಅಲ್ಲೀಗ ಮೂರಂತಸ್ತಿನ ಅಂಗಡಿಸಾಲು ಎದ್ದಿದೆ. ದೇಶ ತುಂಬಿ ತುಳುಕುತ್ತಿದೆ ಎಂದು ಟಿವಿಯಲ್ಲಿ ಹೇಳುವಾಗ, ನಾವು ಗಂಡ ಹೆಂಡತಿ ಇಬ್ಬರೇ ಕೂತು ಕೇಳುವ ಈ ಕೋಣೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತದೆ. ಅಳಿಯ ತಂದೆತಾಯಿಗೆ ಒಬ್ಬನೇ ಮಗ, ನನ್ನ ಮೊಮ್ಮಗಳಿಗೆ ಕಾಕಾ ಇಲ್ಲ, ಸೋದರತ್ತೆ ಇಲ್ಲ. ಅವಳು ನಗುನಗುತ್ತ ಬೆಳೆಯುತ್ತಿದ್ದಾಳೆ, ಅವಳಿಗೆ ಯಾವುದರ ಕೊರತೆಯೂ ಕಂಡಿಲ್ಲ. ಕೊರತೆ ನನ್ನದು.

ಒಮ್ಮೊಮ್ಮೆ ಊಟವಾದ ಮೇಲೆ ಮಂಪರು ಹತ್ತಿದಾಗ ಆ ಮನೆ ಬರುತ್ತದೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ತಣ್ಣನೆಯ ಫರಸಿಯ ಮೇಲೆ ಎಲ್ಲರೂ ಅಡ್ಡಾಗಿದ್ದಾರೆ. ಆಯಿ ಇದ್ದಾಳೆ. ನಾನು ಕಾಣದ ಆ ದೊಡ್ಡಪ್ಪಂದಿರು, ಅತ್ತೆಯರು ಮಕ್ಕಳಾಗಿಯೇ ಅವಳ ಸುತ್ತ ಮಲಗಿದ್ದಾರೆ. ಕಾಶಮ್ಮತ್ತಿಯ ತೋಳಿನಲ್ಲಿ ಹಣೆಯ ಮೇಲೆಲ್ಲ ಕೂದಲಿರುವ ಒಂದು ಕೂಸು. ಬಿಸಿಲಲ್ಲಿ ನಡೆದು ಬಂದ ನಾನು ಜಾಗ ಹುಡುಕುತ್ತ ಬಾಗಿಲಲ್ಲಿ ನಿಂತಿದ್ದೇನೆ. ಕಾಲಿಡಲು ತೆರಪಿಲ್ಲ. ಅಷ್ಟರಲ್ಲಿ ಯಾರೋ ನಿದ್ದೆಯಲ್ಲೇ ತುಸು ಆಚೆ ಸರಿಯುತ್ತಾರೆ.