ಮ್ಯಾಟರ್ ಎಲ್ಲಿ?

ನಮ್ಮ ಚಿಕ್ಕಪ್ಪ ಪುಟ್ಟಸ್ವಾಮಿ ಯಾವ ಜಾಹೀರಾತು ಕೈಗೆ ಬಂದರೂ ಮೊದಲು ಅದರ ಚಿತ್ರದ ಮೇಲೆ ಅಂಗೈ ಇಡುತ್ತಿದ್ದರು. ಹೂವು, ಬಣ್ಣ, ನಗುವ ಹೆಂಗಸು ಎಲ್ಲವೂ ಆ ದಪ್ಪ ಅಂಗೈ ಕೆಳಗೆ ಮುಚ್ಚಿಹೋಗಬೇಕು. ಹೊರಗೆ ಉಳಿದ ಅಕ್ಷರಗಳನ್ನು ಮಾತ್ರ ಓದುತ್ತಿದ್ದರು. ಓದಿ, ತುಟಿ ಸೊಟ್ಟ ಮಾಡಿ, ಕಾಗದವನ್ನು ವಾಪಸು ತಳ್ಳುತ್ತಿದ್ದರು. ನನ್ನ ಕಂಪ್ಯೂಟರ್ ಪರದೆಗೂ ಅದೇ ಮರ್ಯಾದೆ. ಅವರು ಎದ್ದುಹೋದ ಮೇಲೆ ಬೆರಳಚ್ಚು ಒರೆಸುವುದು ನನಗೊಂದು ಕೆಲಸವಾಗಿತ್ತು. ಬೈದುಕೊಂಡೇ ಒರೆಸುತ್ತಿದ್ದೆ. ಈಗ ಪರದೆ ಸ್ವಚ್ಛವಾಗಿದೆ.

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮಿಬ್ಬರದೂ ಒಂದೇ ಅಂಗಡಿ, ನಡುವೆ ಪ್ಲೈವುಡ್ ಅಡ್ಡ. ಆ ಕಡೆ ಅವರು ಕರಪತ್ರಗಳಿಗೆ, ಆಟೊದಲ್ಲಿ ಮೈಕು ಕಟ್ಟಿಕೊಂಡು ಕೂಗುವವರಿಗೆ ಮ್ಯಾಟರ್ ಬರೆದು ಕೊಡುತ್ತಿದ್ದರು. ಅಚ್ಚಿನ ಕೆಲಸದವರು ಬರಹಕ್ಕೆ ಹೇಳುವ ಮಾತು ಅದು, ಮ್ಯಾಟರ್. ಈ ಕಡೆ ನಾನು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡುತ್ತಿದ್ದೆ. ಗಿರಾಕಿ ಒಳಗೆ ಬಂದರೆ ನಾನು ಯಾವ ಬಣ್ಣ ಇಷ್ಟ ಎಂದು ಕೇಳುತ್ತಿದ್ದೆ. ಅಡ್ಡದ ಆಚೆಯಿಂದ ಅವರು ಕೂತಲ್ಲಿಂದಲೇ, "ಮ್ಯಾಟರ್ ಎಲ್ಲಿ?" ಅನ್ನುತ್ತಿದ್ದರು. ಗಿರಾಕಿಗಳಿಗೆ ನನ್ನ ಪ್ರಶ್ನೆಯೇ ಹಿತವಾಗಿತ್ತು. ಅವರದು ಪೊಲೀಸರು ಲೈಸೆನ್ಸ್ ಕೇಳಿದ ಹಾಗಿರುತ್ತಿತ್ತು.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹಾಗೆ ಬರೆಯಬಾರದು ಎನ್ನುತ್ತಾರೆ. ಆದರೆ ಇಲ್ಲದ್ದನ್ನು ಬರೆದರೆ ಅವರಿಗೇ ಸರಿಬರುವುದಿಲ್ಲ.

ಅವರ ಕೆಲಸದ ರೀತಿ ನಾನು ಒಮ್ಮೆ ಗುಬ್ಬಿಯಲ್ಲಿ ಕಣ್ಣಾರೆ ನೋಡಿದ್ದೆ. ತೆಂಗಿನ ಸಸಿ ಮಾರುವ ನರ್ಸರಿಯವರೊಬ್ಬರು ಕರಪತ್ರಕ್ಕೆಂದು ಕರೆಸಿದ್ದರು. ತಾವೇ ಒಂದು ಹಾಳೆ ಬರೆದಿಟ್ಟಿದ್ದರು: ಉತ್ಕೃಷ್ಟ ಗುಣಮಟ್ಟ, ನಂಬಿಕೆಗೆ ಇನ್ನೊಂದು ಹೆಸರು, ನಿಮ್ಮ ಸೇವೆಯೇ ನಮ್ಮ ಗುರಿ. ಚಿಕ್ಕಪ್ಪ ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಗಿರಾಕಿಗಳ ಪಕ್ಕದ ಕಲ್ಲಿನ ಮೇಲೆ ಕೂತರು. ಮಧ್ಯಾಹ್ನದವರೆಗೂ ಬರೀ ಕೇಳಿಸಿಕೊಂಡರು. ಬಂದವರೆಲ್ಲ ಕೇಳಿದ್ದು ಎರಡೇ. ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತದೆ, ಸಸಿ ಸತ್ತುಹೋದರೆ ಏನು ಮಾಡುತ್ತೀರಿ. ನರ್ಸರಿಯವರು ಪ್ರತಿಯೊಬ್ಬರಿಗೂ ಹೇಳಿದ ಉತ್ತರವನ್ನೇ ಚಿಕ್ಕಪ್ಪ ಬರೆದುಕೊಂಡರು. ವರ್ಷದೊಳಗೆ ಸತ್ತರೆ ಬೇರೆ ಸಸಿ, ಸತ್ತಿದ್ದನ್ನು ಬೇರು ಸಮೇತ ತಂದು ತೋರಿಸಬೇಕು. ಅಷ್ಟೇ ಕರಪತ್ರ. ನರ್ಸರಿಯವರ ಮುಖ ಚಿಕ್ಕದಾಯಿತು. ಗುಣಮಟ್ಟದ ವಿಷಯ ಬರಲೇ ಇಲ್ಲವಲ್ಲ ಎಂದರು.

"ಬೇರು ತತ್ತಾ ಅಂತ ಧೈರ್ಯವಾಗ್ ಹೇಳ್ತಿದೀಯಲ್ಲ, ಅದೇ ಕಣಯ್ಯ ಗುಣಮಟ್ಟ."

ಬಸ್ಸಿನಲ್ಲಿ ವಾಪಸು ಬರುವಾಗ ನಾನು, ಈಗ ಕರಪತ್ರ ಯಾರು ಓದುತ್ತಾರೆ ಎಂದೆ. ಅವರು ಕಿಟಕಿ ಕಡೆ ತಿರುಗಿ ಕೂತರು.

ಜಗಳ ಆಗಿದ್ದು ಕುಣಿಗಲ್‌ನ ಕೆಲಸದಲ್ಲಿ. ಅಲ್ಲಿ ಸುಟ್ಟ ಮೋಟಾರ್‌ಗಳಿಗೆ ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡುವ ನಂಜುಂಡಣ್ಣ ವೆಬ್‌ಸೈಟ್ ಬೇಕೆಂದು ನನ್ನ ಹತ್ತಿರ ಬಂದಿದ್ದರು. ಒಬ್ಬರೇ ಮಾಡುವ ಅಂಗಡಿ. ಅವರು ಏನೇನು ಕೆಲಸ ಮಾಡುತ್ತಾರೆಂದು ಕೇಳುವ ಮೊದಲೇ ನಾನು ಡಿಸೈನ್ ಮುಗಿಸಿದ್ದೆ. ನೀಲಿ ಹಿನ್ನೆಲೆ, ಮೇಲೆ ಹೊಳೆಯುವ ಮೋಟಾರ್, ಕೆಳಗೆ 'ನಮ್ಮ ಸೇವೆಗಳು' ಎಂದು ನಾಲ್ಕು ಚೌಕ. ನಂಜುಂಡಣ್ಣ ಮಾಡುತ್ತಿದ್ದದ್ದು ಒಂದೇ ಸೇವೆ. ಮೂರು ಚೌಕ ಖಾಲಿ ಉಳಿದವು. ಖಾಲಿ ಬಿಟ್ಟರೆ ಅಂದ ಕೆಡುತ್ತದೆ ಎಂದು ನಾನೇ ತುಂಬಿಸಿದೆ. ಒಂದರಲ್ಲಿ 'ತೋಟಕ್ಕೇ ಬಂದು ರಿಪೇರಿ' ಎಂದು ಬರೆದೆ. ನಂಜುಂಡಣ್ಣ ಫೋನಿನಲ್ಲಿ ನೋಡಿ, ಬಣ್ಣ ಚೆನ್ನಾಗಿದೆ ಎಂದರು. ಅಕ್ಷರ ಅವರು ಓದಲಿಲ್ಲ, ನಾನು ಓದಿ ಹೇಳಲೂ ಇಲ್ಲ.

ಮಾರ್ಕೋನಹಳ್ಳಿ ಕಡೆಯ ರೈತರೊಬ್ಬರು ಅದನ್ನು ಓದಿದರು. ಮೋಟಾರ್ ಸುಟ್ಟಿದೆ ಎಂದು ಮೆಸೇಜು ಹಾಕಿ, ತೋಟಕ್ಕೆ ಬರುತ್ತಾರೆಂದು ಎರಡು ದಿನ ಕಾದರು. ಬೇರೊಂದು ಮೋಟಾರಿನ ಒಳಗೆ ಕೈ ಇಟ್ಟುಕೊಂಡಿದ್ದ ನಂಜುಂಡಣ್ಣ ಮೆಸೇಜು ನೋಡಿರಲೇ ಇಲ್ಲ. ಮೂರನೇ ದಿನ ಆ ರೈತರು ಮೋಟಾರನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದು, ಒಣಗಿದ ಟೊಮೇಟೊ ಸಸಿಗಳನ್ನು ಅಂಗಡಿ ಮುಂದೆ ಎಸೆದು, ನಾಲ್ಕು ಜನರ ಎದುರಿಗೆ ನಂಜುಂಡಣ್ಣನನ್ನು ಸುಳ್ಳುಗಾರ ಅಂದರು. ನಂಜುಂಡಣ್ಣನಿಗೆ ಆ ಮಾತು ಯಾರೂ ಅಂದಿರಲಿಲ್ಲ. ಮಾರನೇ ಬೆಳಿಗ್ಗೆ ಅವರು ಶಿರಾ ಗೇಟಿಗೆ ಬಂದು ನನ್ನ ಮುಂದೆ ಕೂತು ಇಷ್ಟೇ ಕೇಳಿದರು: "ಅದು ಯಾರ್ ಬರದ್ರಮ್ಮ?"

ಅಡ್ಡದ ಆಚೆಯಿಂದ ಚಿಕ್ಕಪ್ಪ ಎದ್ದು ಬಂದರು.

"ನಾಕ್ ಡಬ್ಬ ಮೊದ್ಲು ಮಾಡವ್ಳೆ ನಂಜುಂಡಣ್ಣ. ತುಂಬ್ಸೋಕೆ ಸುಳ್ಳು ಬೇಕಾಗದೆ. ಇವ್ಳಿಗೆ ಡಬ್ಬ ಮುಖ್ಯ, ನೀನಲ್ಲ."

ಗಿರಾಕಿ ಎದುರಿಗೆ ಹಾಗಂದಿದ್ದು ನನಗೆ ತಡೆಯಲಾಗಲಿಲ್ಲ. "ನಿಮ್ ಕರಪತ್ರ ಪಕೋಡ ಕಟ್ಟೋಕ್ ಹೋಗ್ತವೆ ಚಿಕ್ಕಪ್ಪ. ನಿಮ್ಗೆ ಹೊಟ್ಟೆಕಿಚ್ಚು" ಎಂದೆ.

"ಹೋಗ್ಲಿ ಕಣೇ ಅಮ್ಮಣ್ಣಿ. ಪಕೋಡ ತಿಂದೋನ್ ಓದಿದ್ರೂ ನಿಜಾನೇ ಓದ್ತಾನೆ."

ಅಂದಿನಿಂದ ಮಾತು ನಿಂತಿತು. ನಾನಿರುವಾಗ ಅವರು ಅಡ್ಡ ದಾಟಿ ಈ ಕಡೆ ಬರಲಿಲ್ಲ. ನಾನು ಆ ಮೂರು ಚೌಕ ತೆಗೆದೆನಾದರೂ ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದೆ. ವಾರದ ಮೇಲೆ ಒಂದು ಬೆಳಿಗ್ಗೆ ಅಂಗಡಿ ತೆಗೆದಾಗ ನನ್ನ ಕೀಬೋರ್ಡ್ ಮೇಲೆ ಒಂದು ಹಾಳೆ ಇತ್ತು. ಅವರ ಕೈಬರಹ.

'ಮೋಟಾರ್ ಅಂಗಡಿಗೆ ತನ್ನಿ. ನಾನು ತೋಟಕ್ಕೆ ಬರುವುದಿಲ್ಲ, ಅಂಗಡಿಯಲ್ಲಿ ನಾನೊಬ್ಬನೇ. ಬೆಳಿಗ್ಗೆ ತಂದರೆ ಮಾರನೇ ದಿನ ಸಂಜೆಗೆ ಕೊಡುತ್ತೇನೆ. ಆಗದ ಕೆಲಸವಾದರೆ ಬಿಚ್ಚಿ ನೋಡಿದ ಕೂಡಲೇ ಆಗುವುದಿಲ್ಲ ಎಂದು ಹೇಳುತ್ತೇನೆ.'

ನಂಜುಂಡಣ್ಣನಿಗೆ ಫೋನ್ ಮಾಡಿದೆ. ಚಿಕ್ಕಪ್ಪ ಬಸ್ಸಿನಲ್ಲಿ ಬಂದು ಇಡೀ ದಿನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರಂತೆ, ಟೀ ಕೂಡ ಬೇಡ ಅಂದರಂತೆ. ಅವತ್ತೇ ಚೌಕ, ನೀಲಿ, ಹೊಳೆಯುವ ಮೋಟಾರ್ ಎಲ್ಲ ಕಿತ್ತುಹಾಕಿ ಆ ನಾಲ್ಕು ಸಾಲುಗಳನ್ನು ದೊಡ್ಡದಾಗಿ ಹಾಕಿದೆ. ಆಮೇಲೆ ಅವುಗಳ ಅಳತೆಗೆ ಪುಟ ಕಟ್ಟಿದೆ. ನಾನು ಮಾಡಿದ ಪುಟಗಳಲ್ಲಿ ಅದೇ ಚೆನ್ನಾಗಿರುವುದು. ಆದರೆ ಚಿಕ್ಕಪ್ಪನಿಗೆ ಹೇಳಲಿಲ್ಲ. ಅವರದು ಬಟನ್ ಫೋನ್, ನೋಡುವ ದಾರಿ ಇರಲಿಲ್ಲ.

ಒಂದು ಸಂಜೆ ಶೆಟ್ಟಿಹಳ್ಳಿಯ ಮನೆಗೆ ಹೊರಡುವ ಮುಂಚೆ ಶಟರ್ ಎಳೆಯುತ್ತಾ, ನನ್ನ ಮುಖ ನೋಡದೆ ಕೇಳಿದರು: "ಕುಣಿಗಲ್‌ದು ಹಾಕ್ದಾ?"

"ಇನ್ನೂ ಇಲ್ಲ" ಎಂದೆ. ಯಾಕೆ ಹಾಗಂದೆನೋ. ಕೋಪ ಅಷ್ಟು ಹೊತ್ತಿಗೆ ಮುಗಿದಿತ್ತು, ಬರೀ ಹಟ ಉಳಿದಿತ್ತು. ಅವರು ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ನಡೆದುಕೊಂಡು ಹೋದರು. ಮೂರು ದಿನಕ್ಕೆ ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಕೂತಲ್ಲೇ ಹೋಗಿಬಿಟ್ಟರು.

ಹನ್ನೊಂದನೇ ದಿನದ ಫ್ಲೆಕ್ಸ್ ಮಾಡಿಸಲು ಚಿಕ್ಕಮ್ಮನೂ ನಾನೂ ಹೋದೆವು. ಫ್ಲೆಕ್ಸ್ ಅಂಗಡಿಯವರು, ಡಿಸೈನ್ ರೆಡಿ ಇದೆ, ಹೆಸರು ಹೇಳಿದರೆ ಸಾಕು ಎಂದರು. ಪರದೆಯ ಮೇಲೆ ದೀಪ, ಕಮಲ, ಮೋಡ, ಮಧ್ಯೆ ಯಾರದೋ ಮದುವೆಯಲ್ಲಿ ಅಪರೂಪಕ್ಕೆ ನಕ್ಕಿದ್ದ ಚಿಕ್ಕಪ್ಪನ ಫೋಟೊ. ನನ್ನ ಕೈ ತಾನಾಗಿ ಹೋಗಿ ಆ ಫೋಟೊವನ್ನು ಮುಚ್ಚಿತು. ಉಳಿದದ್ದನ್ನು ಓದಿದೆ. 'ನಿಮ್ಮ ಆದರ್ಶವೇ ನಮಗೆ ದಾರಿದೀಪ. ಮತ್ತೆ ಹುಟ್ಟಿ ಬನ್ನಿ.' ಊರಿನಲ್ಲಿ ಯಾರು ಸತ್ತರೂ ಅದೇ.

ಎಲ್ಲ ಅಳಿಸಲು ಹೇಳಿ ಅಲ್ಲೇ ನಿಂತು ಬರೆದುಕೊಟ್ಟೆ.

'ಶಿರಾ ಗೇಟಿನ ಪುಟ್ಟಸ್ವಾಮಿ. ಬೇರೆಯವರ ಅಂಗಡಿಗಳಿಗೆ ಮಾತು ಬರೆದರು. ಇಲ್ಲದ್ದನ್ನು ಬರೆಯಲಿಲ್ಲ. ಯಾರ ಹತ್ತಿರವೂ ನಯವಾಗಿ ಮಾತಾಡಲಿಲ್ಲ. ಕುಣಿಗಲ್‌ದು ಹಾಕಿದ್ದೇನೆ, ಚಿಕ್ಕಪ್ಪ.'

ಫ್ಲೆಕ್ಸ್ ಅಂಗಡಿಯವರು ಎರಡು ಸಲ ಓದಿದರು. ಕೊನೇ ಸಾಲು ಜನಕ್ಕೆ ಅರ್ಥವಾಗುವುದಿಲ್ಲ, ನಯವಾಗಿ ಮಾತಾಡಲಿಲ್ಲ ಅನ್ನುವುದಂತೂ ಬೇಡ ಎಂದರು. ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಇರ್ಲಿ ಬುಡಪ್ಪ. ನನ್ ಹತ್ರಾನೂ ಆಡ್ಲಿಲ್ಲ."

ಅಂಗಡಿಯವರು ಕೀಬೋರ್ಡ್ ಎಳೆದುಕೊಂಡು ಟೈಪ್ ಮಾಡಿದರು. "ಆಯ್ತಕ್ಕ, ಮ್ಯಾಟರ್ ಬಂತು. ಡಿಸೈನ್ ಯಾವ್ದು ಹಾಕ್ಲಿ?"

ಯಾವುದಾದರೂ ಆದೀತು ಎಂದೆ.